ಹೊನ್ನೂರಮ್ಮನ ಎಡಗೆನ್ನೆ

"ಚೆನ್ನಾಗಿದೆ ರಂಗಣ್ಣ, ಬಹಳ ಚೆನ್ನಾಗಿದೆ. ಆದ್ರೆ ಇದು ಆ ಹೆಂಗಸಿನ ಮುಖ ಅಲ್ಲ," ಅಂದರು ಡಾಕ್ಟ್ರಮ್ಮ.

ನಾನು ತಟ್ಟಿ ತಂದಿದ್ದ ತಗಡನ್ನು ಅವರು ಪ್ಲಾಸ್ಟರಿನ ತಲೆಬುರುಡೆಗೆ ಕೂರಿಸಿ, ಕಿಟಕಿಯ ಬೆಳಕಿಗೆ ತಿರುಗಿಸಿ ಹಿಡಿದಿದ್ದರು. ಅಂಚು ಒಂದು ಕೂದಲೂ ತೂರದ ಹಾಗೆ ಕೂತಿತ್ತು. ಅಂಚಿನ ವಿಷಯದಲ್ಲಿ ನನ್ನ ಮೇಲೆ ಬೆರಳು ತೋರಿಸುವವರು ಈ ಊರಲ್ಲಿ ಇನ್ನೂ ಹುಟ್ಟಿಲ್ಲ. ಆದರೆ ನಡುವಿನ ಉಬ್ಬೇ ಬೇರೆಯಾಗಿತ್ತು. ಕೆನ್ನೆ ಹುಣ್ಣಿಮೆ ಚಂದ್ರನ ಹಾಗೆ ತುಂಬಿಕೊಂಡಿತ್ತು. ಹುಬ್ಬು ಬರೆದಿಟ್ಟ ಹಾಗೆ ಬಾಗಿತ್ತು. ಗುಡಿಯಲ್ಲಿ ದೇವಿಗೆ ತೊಡಿಸುವ ಬೆಳ್ಳಿಯ ಮುಖವಾಡ ಇರುತ್ತದಲ್ಲ, ಥೇಟ್ ಅದು.

"ದೇವಿ ಇದ್ದಂಗಿದೆ ಡಾಕ್ಟ್ರಮ್ಮ," ಅಂದೆ.

"ಅದನ್ನೇ ನಾನೂ ಹೇಳ್ತಿರೋದು. ನನಗೆ ದೇವಿ ಬೇಡ. ಶುಕ್ರವಾರ ನಾನು ಆಪರೇಷನ್ ಮಾಡಬೇಕಾಗಿರೋದು ರೈಲ್ವೆ ಗೇಟಿನಲ್ಲಿ ನಾನೇ ನೋಡಿರೋ, ಮಿರ್ಚಿ ಮಾರೋ ಹೊನ್ನೂರಮ್ಮನಿಗೆ. ಇನ್ನೂ ತಡ ಮಾಡಿದ್ರೆ ಚರ್ಮ ಒಳಕ್ಕೆ ಎಳ್ಕೊಳ್ಳತ್ತೆ, ಕಣ್ಣಿನ ಕೆಳಗೆ ಆಧಾರ ಇಲ್ದೆ ಕಣ್ಣು ಇಳಿದುಬಿಡತ್ತೆ. ಆಮೇಲೆ ನೀನು ಚಿನ್ನದ ತಗಡು ತಂದ್ರೂ ಪ್ರಯೋಜನ ಇಲ್ಲ."

ಡಾಕ್ಟರ್ ನಸೀಮಾ ಅಂದರೆ ನಮ್ಮೂರ ಆಸ್ಪತ್ರೆಯಲ್ಲಿ ಮುರಿದ ಮುಖ ಜೋಡಿಸುವವರು. ಅಂಗಡಿಯಲ್ಲಿ ಸ್ಕೂಟರಿನ ಮಡ್‌ಗಾರ್ಡ್ ತಟ್ಟುತ್ತಾ ಕೂತಿದ್ದ ನನ್ನನ್ನು ಈ ಕೆಲಸಕ್ಕೆ ಎಬ್ಬಿಸಿಕೊಂಡು ಬಂದವರೂ ಅವರೇ. ನನ್ನ ಹೆಸರು ಗವಿರಂಗಪ್ಪ. ಹಾಗಂತ ಕೇಳಿದರೆ ಯಾರಿಗೂ ಗೊತ್ತಾಗಲ್ಲ, ಟಿಂಕರ್ ರಂಗಣ್ಣ ಅನ್ನಿ, ಮಲಗಿರುವ ನಾಯಿ ಕೂಡ ಎದ್ದು ದಾರಿ ತೋರಿಸುತ್ತದೆ. ಓದಿದ್ದು ಏಳನೇ ಕ್ಲಾಸು. ಲಾರಿಯ ಬಾಗಿಲು, ಬಸ್ಸಿನ ಬಂಪರು ತಟ್ಟುತ್ತಾ ತಟ್ಟುತ್ತಾ ಕೈ ತಾನಾಗಿ ಕಲಿತುಕೊಂಡದ್ದು. ಹನ್ನೊಂದು ವರ್ಷದಿಂದ ತಲೆಬುರುಡೆ, ಮುಖದ ಮೂಳೆ ಒಡೆದವರಿಗೆ ತಗಡು ತಟ್ಟುತ್ತಿದ್ದೇನೆ. ಮೂವತ್ತೇಳು ಜನ. ಒಂದೂ ವಾಪಸು ಬಂದಿರಲಿಲ್ಲ, ಆ ಸೋಮವಾರದ ತನಕ.

ನಮ್ಮೂರಲ್ಲಿ ಲೋಹಕ್ಕೆ ಮಾತು ಕೇಳುತ್ತದೆ, ಕೇಳಿದ ಹಾಗೆ ಬಗ್ಗುತ್ತದೆ. ಕಬ್ಬಿಣದ ಕಿವಿ ಮಂದ, ಹಿತ್ತಾಳೆ ಹಟಮಾರಿ, ಸ್ಟೀಲು ಮನಸ್ಸು ಬಂದಾಗ ಕೇಳುತ್ತದೆ ಇಲ್ಲದಾಗ ಇಲ್ಲ. ಹೆಣ್ಣು ನೋಡಲು ಬಂದವರು ಹುಡುಗಿಯನ್ನು ನೋಡುವ ಮುಂಚೆ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಸೌಟುಗಳನ್ನು ನೋಡುತ್ತಾರೆ. ಸೌಟಿನ ಹಿಡಿ ನೆಟ್ಟಗಿದ್ದರೆ ಮನೆಯಲ್ಲಿ ಜಗಳವಿಲ್ಲ ಎಂದು ಲೆಕ್ಕ. ಪಾತ್ರೆ ಅಂಗಡಿಯಲ್ಲಿ ಚೌಕಾಶಿಯೆಲ್ಲ ಬೆರಳಿನ ಸನ್ನೆಯಲ್ಲೇ. ಕೋರ್ಟಿನ ಫ್ಯಾನುಗಳ ರೆಕ್ಕೆಗಳನ್ನಂತೂ ವರ್ಷಕ್ಕೆರಡು ಸಲ ಬಿಚ್ಚಿ ತಂದು ನನ್ನ ಹತ್ತಿರ ನೆಟ್ಟಗೆ ಮಾಡಿಸಿಕೊಂಡು ಹೋಗುತ್ತಾರೆ.

ಆಸ್ಪತ್ರೆಗೆ ಬರುವ ಬೂದು ಬಣ್ಣದ ತಗಡಿದೆಯಲ್ಲ, ಟೈಟಾನಿಯಂ ಅನ್ನುತ್ತಾರೆ, ಅದರಷ್ಟು ಸೂಕ್ಷ್ಮ ಕಿವಿ ಇನ್ಯಾವುದಕ್ಕೂ ಇಲ್ಲ. ಯಾರ ಮೈಗೆ ಹೋಗಬೇಕೋ ಅವರನ್ನು ಬಲ್ಲವರು ಎದುರಿಗೆ ಕೂತು ಅವರ ಸುದ್ದಿ ಮಾತಾಡುತ್ತಿದ್ದರೆ ಮಾತ್ರ ಅದು ಮರದ ಕೊಡತಿಯ ಏಟಿಗೆ ಬಗ್ಗುತ್ತದೆ. ಎಲ್ಲರೂ ಸುಮ್ಮನಾದರೆ ಬಂಡೆ. ಪ್ಲಾಸ್ಟರ್ ಬುರುಡೆ ನೋಡಿಕೊಂಡು ಅಂಚು ಕತ್ತರಿಸಬಹುದು, ಉಬ್ಬು ತಗ್ಗು ಮಾತಿನಿಂದಲೇ ಬರಬೇಕು. "ಮುಖದ ಇನ್ನೊಂದು ಕಡೆ ನೋಡಿ ಹಾಗೇ ಮಾಡಬಹುದಲ್ಲ?" ಅಂತ ಹೊಸದಾಗಿ ಬಂದ ಡಾಕ್ಟರುಗಳು ಕೇಳುವುದುಂಟು. ಯಾರ ಮುಖವೂ ಎರಡು ಕಡೆ ಒಂದೇ ಥರ ಇರುವುದಿಲ್ಲ ಸ್ವಾಮಿ, ಕನ್ನಡಿ ಮುಂದೆ ನಿಂತು ಒಂದೊಂದೇ ಕಡೆ ಮುಚ್ಚಿಕೊಂಡು ನೋಡಿ ಅನ್ನುತ್ತೇನೆ. ಕೆಲಸಕ್ಕೆ ಎರಡು ನೇಮ. ಯಾರ ತಗಡೋ ಅವರು ಅಲ್ಲಿರಬಾರದು, ಯಾಕೆಂದರೆ ತಮ್ಮ ಮುಖ ತಮಗೆ ಗೊತ್ತು ಅಂದುಕೊಂಡಿರುತ್ತಾರೆ, ಗೊತ್ತಿರುವುದಿಲ್ಲ. ಇನ್ನೊಂದು, ತಟ್ಟುವವನು ಬಾಯಿ ಬಿಡಬಾರದು. ನನ್ನಂಥ ಬಾಯಿಬಡುಕನಿಗೆ ಇದೆಂಥ ಶಿಕ್ಷೆ ನೋಡಿ! ಒಂದು ಅಡಿಕೆ ಹೋಳನ್ನು ಹಲ್ಲಿನ ನಡುವೆ ಕಚ್ಚಿಕೊಂಡೇ ಕೊಡತಿ ಎತ್ತುತ್ತೇನೆ.

ಮೊದಲನೇ ತಗಡು ಗಾರೆ ಕೆಲಸದ ತಿಪ್ಪೇಸ್ವಾಮಿಯದು. ಸಾರವೆಯಿಂದ ಬಿದ್ದು ನೆತ್ತಿ ಒಡೆದುಕೊಂಡಿದ್ದ. ಅವನ ಹೆಂಡತಿ ನನ್ನೆದುರು ಕೂತು ಗಂಡನ ಗೊರಕೆ, ಗಂಡನ ಹಟ, ಗಂಡ ತಲೆಗೆ ಎಣ್ಣೆ ಹಚ್ಚಿಕೊಂಡು ದಿಂಬು ಕೆಡಿಸುವ ರೀತಿ ಅಂತ ಮೂರು ಗಂಟೆ ದೂರಿದಳು. ತಗಡು ಬೆಣ್ಣೆಯ ಹಾಗೆ ಬಗ್ಗಿತು. ಇವತ್ತಿಗೂ ಅವನು ಅದೇ ಸಾರವೆ ಹತ್ತಿ ಗೋಡೆ ಕಟ್ಟುತ್ತಾನೆ. ನನ್ನ ತಗಡಿನವರು ಬಜಾರಿನಲ್ಲಿ ಎದುರಾದರೆ ಕೈ ಮುಗಿಯುವುದಿಲ್ಲ, ಬೆರಳಿನ ಗಂಟಿನಿಂದ ತಗಡಿನ ಜಾಗಕ್ಕೆ ಟಕ್ ಟಕ್ ಅಂತ ಬಡಿದುಕೊಳ್ಳುತ್ತಾರೆ. ಹಿಂದಿನ ಕಾಲದ ರಾಜರಿಗೂ ಇಂಥ ಸಲಾಮು ಸಿಕ್ಕಿರಲಿಕ್ಕಿಲ್ಲ ಅಂತ ನಾನು ಎಷ್ಟೋ ಸಲ ಹೆಂಡತಿಯ ಮುಂದೆ ಜಂಬ ಕೊಚ್ಚಿದ್ದೇನೆ. ಅವಳು ಸೌಟು ಒಳಗಿಟ್ಟು ಬಂದು ಉತ್ತರ ಕೊಡುತ್ತಾಳೆ.

ಹೊನ್ನೂರಮ್ಮನ ಕಥೆ ಹೀಗೆ. ರೈಲ್ವೆ ಗೇಟಿನ ಹತ್ತಿರ ರಸ್ತೆಯ ಈ ಕಡೆ ಅವಳ ಮಂಡಕ್ಕಿ, ಮಿರ್ಚಿ ಬಜ್ಜಿಯ ಗಾಡಿ, ಆ ಕಡೆ ಮಾರಕ್ಕನದು. ಇಪ್ಪತ್ತೆರಡು ವರ್ಷದಿಂದ ಎದುರುಬದುರು. ಗೇಟು ಬಿದ್ದು ಲಾರಿ, ಬಸ್ಸು ನಿಂತವೋ, ಇಬ್ಬರ ಬಾಣಲೆಯೂ ಬಾಯಿಯೂ ಒಟ್ಟಿಗೇ ಕಾಯುತ್ತಿದ್ದವು. ಅಲ್ಲಿ ಗೇಟಿನ ಕೋಲು ಮರದ್ದೇ. ಕಬ್ಬಿಣದ್ದು ಹಾಕಿದ್ದರೆ ಅವರ ಮಾತಿಗೆ ಎಂದೋ ಬಳೆಯ ಹಾಗೆ ಸುತ್ತಿಕೊಳ್ಳುತ್ತಿತ್ತು. ಅವತ್ತು ಮಾರಕ್ಕ ಏನೋ ಅಂದಳಂತೆ, ಉತ್ತರ ಕೊಡಲು ಹೊನ್ನೂರಮ್ಮ ಗಾಡಿ ಬಿಟ್ಟು ಮುಂದಕ್ಕೆ ಬಾಗಿದಳಂತೆ. ಇಳಿಯುತ್ತಿದ್ದ ಕೋಲಿನ ಹಗ್ಗ ಹರಿದು ಅಷ್ಟೂ ಭಾರ ಅವಳ ಎಡಗಡೆಯ ಮುಖಕ್ಕೆ ಬಿತ್ತು. ಕೆನ್ನೆಮೂಳೆ, ಹುಬ್ಬು, ಕಣ್ಣು ಕೂರುವ ಗೂಡು, ಎಲ್ಲ ನುಚ್ಚು. ಜೀವ ಉಳಿಯಿತು, ಕಣ್ಣೂ ಉಳಿಯಿತು. ಆದರೆ ಆಸ್ಪತ್ರೆಯಲ್ಲಿ ಸೆರಗು ಮುಖದ ಮೇಲೆ ಎಳೆದುಕೊಂಡು ಗೋಡೆಗೆ ತಿರುಗಿ ಮಲಗಿದವಳು ಮಗಳಿಗೂ ಮುಖ ತೋರಿಸಲಿಲ್ಲ. "ನನ್ನ ಮುಖ ನನಗೆ ಬಂದ್ರೆ ಮಾತ್ರ ಗೇಟಿಗೆ ಹೋಗ್ತೀನಿ, ಇಲ್ಲಾಂದ್ರೆ ಗಾಡಿ ಒಡೆದು ಸೌದೆ ಮಾಡಿ," ಅಂದುಬಿಟ್ಟಿದ್ದಳು.

ಆ ಮುಖ ತರಬೇಕಾದವನು ನಾನು. ತಂದದ್ದು ದೇವಿಯ ಮುಖವಾಡ.

ತಪ್ಪು ಎಲ್ಲಾಯಿತು ಅನ್ನುವುದು ಗೊತ್ತಿಲ್ಲದ್ದೇನಲ್ಲ. ಮೊದಲ ಸಲ ತಟ್ಟುವಾಗ ಅವಳ ತಮ್ಮ ಓಬಳೇಶ, ಮಗಳು ಭಾಗ್ಯ, ಇನ್ನಿಬ್ಬರು ನೆಂಟರು ಬಂದು ಕೂತಿದ್ದರು. "ನಮ್ಮಕ್ಕ ಚಿನ್ನದಂಥೋಳು. ಒಂದು ದಿನ ಒಬ್ಬರಿಗೆ ಕೆಟ್ಟದ್ದು ಬಯಸಿದೋಳಲ್ಲ. ಶಾಂತಮೂರ್ತಿ," ಅಂತ ಓಬಳೇಶ ಕಣ್ಣೊರೆಸಿಕೊಳ್ಳುತ್ತಿದ್ದ. ಶಾಂತಮೂರ್ತಿಯಂತೆ! ಗೇಟಿನಲ್ಲಿ ಅವಳ ಬಾಯಿ ಕೇಳಿದ ಯಾರಾದರೂ ಆಗಲೇ ಕೊಡತಿ ಕೆಳಗಿಡಬೇಕಿತ್ತು. ನಾನು ಇಡಲಿಲ್ಲ. ಅವನ ದನಿ ಅಷ್ಟು ಚೆನ್ನಾಗಿತ್ತು, ತಗಡು ಅಷ್ಟು ನಯವಾಗಿ ಏಳುತ್ತಿತ್ತು, ನನ್ನ ಕೈಯಲ್ಲಿ ಇಂಥ ಕೆಲಸ ಬರುತ್ತಿದೆಯಲ್ಲ ಅಂತ ನಾನೇ ಮರುಳಾಗಿ ತಟ್ಟಿದೆ.

ಒಂದು ತಗಡನ್ನು ಮೂರು ಸಲ ತಟ್ಟಬಹುದು. ನಾಲ್ಕನೆಯದಕ್ಕೆ ಬಿರಿಯುತ್ತದೆ. ಹೊಸ ತಗಡು ಬರುವುದು ಮುಂದಿನ ತಿಂಗಳು. ಮಂಗಳವಾರ ಬೆಳಿಗ್ಗೆ ಅದನ್ನು ಚಪ್ಪಟೆ ಮಾಡಿ, ಮತ್ತೆ ಎಲ್ಲರನ್ನೂ ಕೂರಿಸಿದೆ.

"ನೋಡಿ, ಈ ಸಲ ಹೊಗಳಿಕೆ ಬೇಡ. ಅವರಲ್ಲಿ ಏನಾದ್ರೂ ಕುಂದು ಇದ್ರೆ ಹೇಳಿ," ಅಂದು ಅಡಿಕೆ ಕಚ್ಚಿಕೊಂಡೆ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಸ್ಪತ್ರೆಯಲ್ಲಿ ಮಲಗಿದವಳ ಕುಂದು ಯಾರ ಬಾಯಲ್ಲಿ ಬಂದೀತು? ಓಬಳೇಶ ಬಹಳ ಯೋಚನೆ ಮಾಡಿ, "ಅವಳ ಕುಂದು ಅಂದ್ರೆ... ಅತಿಯಾದ ಒಳ್ಳೇತನ," ಅಂದ. ತಗಡು ನನ್ನ ಕೊಡತಿಯ ಕೆಳಗೇ ಬೋಂಡದ ಹಾಗೆ ಉಬ್ಬಿತು. ಎರಡನೇ ಸಲವೂ ಹೋಯಿತು.

ಮಧ್ಯಾಹ್ನ ಸ್ಕೂಟರ್ ಹತ್ತಿ ಗೇಟಿಗೆ ಹೋದೆ. ಹೊನ್ನೂರಮ್ಮನ ಜಾಗ ಬರಿದಾಗಿತ್ತು. ಎಳನೀರಿನವನೊಬ್ಬ ಅಲ್ಲಿ ಸೈಕಲ್ ನಿಲ್ಲಿಸಲು ನೋಡುತ್ತಿದ್ದ, ಮಾರಕ್ಕ ಜಾಲರಿ ಸೌಟು ಎತ್ತಿಕೊಂಡು ರಸ್ತೆ ದಾಟಿ ಬಂದು ಅವನನ್ನು ಅಟ್ಟುತ್ತಿದ್ದಳು. ಸೌಟಿನ ಕತ್ತು ಬಗ್ಗಿ ಕೊಕ್ಕರೆಯ ಹಾಗಾಗಿತ್ತು. ನನ್ನನ್ನು ನೋಡಿ ಸೆರಗು ಸರಿ ಮಾಡಿಕೊಂಡಳು.

"ಏನ್ ರಂಗಣ್ಣ, ನೀನೂ ಬೈಯಾಕೆ ಬಂದ್ಯಾ? ಊರೆಲ್ಲ ಬೈದು ಹೋತು. ಮಾರಿ ಬಾಯಿಂದಲೇ ಹೊನ್ನೂರಿ ಮುಖ ಹೋತು ಅಂತ."

"ಆ ಬಾಯಿ ಬೇಕಾಗಿ ಬಂದೀನಿ ಮಾರಕ್ಕ. ತಗಡು ಕೂರ್ತಿಲ್ಲ. ಬಂದು ನಾಲ್ಕು ಮಾತಾಡು."

"ನಾನಾ? ಅವಳ ಸುದ್ದೀನಾ? ನನ್ನ ಬಾಯಲ್ಲಿ ಅವಳ ಬಗ್ಗೆ ಒಳ್ಳೇದು ಬರಲ್ಲಪ್ಪ."

"ಒಳ್ಳೇದು ಹೇಳೋರು ನಾಲ್ಕು ಜನ ಅವರೆ. ಎರಡು ಸಲ ಕೆಡಿಸಿದ್ರು. ಇನ್ನೊಂದೇ ಸಲ ಉಳಿದಿರೋದು."

ಅವಳು ಸೌಟಿನಿಂದ ಬಾಣಲೆಯ ಅಂಚು ಕೆರೆಯುತ್ತಾ ನಿಂತಳು. "ನನ್ನಿಂದ ಅದೂ ಕೆಟ್ರೆ?" ಅಂದಳು. ಇಪ್ಪತ್ತೆರಡು ವರ್ಷದಲ್ಲಿ ಅವಳ ದನಿ ಅಷ್ಟು ಸಣ್ಣದಾದದ್ದನ್ನು ಆ ಗೇಟು ಕೇಳಿರಲಿಕ್ಕಿಲ್ಲ. ಕೆಟ್ಟರೆ ಕೆಟ್ಟಿತು ಅನ್ನುವ ಕೆಲಸವಲ್ಲ ಅದು. "ನಾಳೆ ಎಂಟು ಗಂಟೆಗೆ," ಅಂದು ಸ್ಕೂಟರ್ ಒದ್ದೆ.

ಬುಧವಾರ ಎಂಟಕ್ಕೆ ಮುಂಚೆಯೇ ಬಂದಳು, ಮದುವೆಗೆ ಉಡುವಂಥ ಸೀರೆ ಉಟ್ಟುಕೊಂಡು. ಓಬಳೇಶ ಬಾಗಿಲಿಗೇ ಅಡ್ಡ ನಿಂತ. "ಇವಳ ಬಾಯಿಂದ ನಮ್ಮಕ್ಕನಿಗೆ ಮುಖವಾ? ಮುಖ ಹೋಗಿದ್ದೇ ಇವಳಿಂದ! ರಂಗಣ್ಣ, ಊರಲ್ಲಿ ಇನ್ಯಾರೂ ಸಿಗಲಿಲ್ವಾ?" ಮಾರಕ್ಕ ಚಪ್ಪಲಿ ಮೆಟ್ಟಿಕೊಂಡು ವಾಪಸು ತಿರುಗಿದಳು. ಆಗ ಭಾಗ್ಯ ಎದ್ದಳು. ಇಪ್ಪತ್ತರ ಹುಡುಗಿ, ಎರಡು ದಿನದಿಂದ ಹೆಚ್ಚು ಮಾತಾಡಿದವಳಲ್ಲ. "ಮಾವ, ಈ ಕಡೆ ಬಾ. ಅಮ್ಮ ದಿನಾ ಮನೆಗೆ ಬಂದ್ರೆ ನಿನ್ನ ಸುದ್ದಿ ಹೇಳ್ತಿರಲಿಲ್ಲ, ನನ್ನ ಸುದ್ದಿ ಕೇಳ್ತಿರಲಿಲ್ಲ. ಮಾರತ್ತೆ ಇವತ್ತು ಏನಂದ್ಲು ಅಂತ್ಲೇ ಉಣ್ಣೋಕೆ ಕೂರ್ತಿದ್ಲು. ಅತ್ತೆ, ಒಳಗೆ ಬನ್ನಿ," ಅಂದಳು.

ಮಾರಕ್ಕ ಸ್ಟೂಲಿನ ಮೇಲೆ ಕೂತಳು. ಎದುರಿಗೆ ಪ್ಲಾಸ್ಟರ್ ಬುರುಡೆ, ಎಡಗಡೆ ದೊಡ್ಡ ತೂತು. ಅದನ್ನು ನೋಡಿದ್ದೇ ಅವಳ ಬಾಯಿ ಕಟ್ಟಿಹೋಯಿತು. ನಾನು ತಗಡನ್ನು ಮರಳು ಚೀಲದ ಮೇಲಿಟ್ಟು ಕಾಯ್ದೆ. ಒಂದೆರಡು ಏಟು ಹಾಕಿ ನೋಡಿದೆ, ಕೊಡತಿಯೇ ಮೇಲಕ್ಕೆ ಪುಟಿಯಿತು. ಓಬಳೇಶ ಮೂಗಿನಲ್ಲಿ ನಕ್ಕ. ನನ್ನ ಬಾಯಲ್ಲಿ ಅಡಿಕೆ, ಏನೂ ಅನ್ನುವ ಹಾಗಿಲ್ಲ. ಗಡಿಯಾರದ ಮುಳ್ಳು ಕಾಲು ಗಂಟೆ ನಡೆಯಿತು.

ಭಾಗ್ಯ ಕಾಫಿ ಲೋಟ ಅವಳ ಕೈಗೆ ಕೊಡುತ್ತಾ ಮೆಲ್ಲಗೆ ಅಂದಳು, "ಎಷ್ಟೇ ಆದ್ರೂ ಅತ್ತೆ, ಅಮ್ಮನ ಮಿರ್ಚಿ ನಿಮ್ಮದಕ್ಕಿಂತ ಚೆನ್ನಾಗಿರ್ತಿತ್ತು ಅಂತ ಗೇಟಿನಲ್ಲಿ ಎಲ್ಲಾರೂ ಹೇಳ್ತಾರೆ."

"ಯಾವನೇ ಹೇಳಿದ್ದು?" ಲೋಟ ನೆಲಕ್ಕೆ ಕುಕ್ಕಿದಳು ಮಾರಕ್ಕ. "ಅವಳ ಹಿಟ್ಟು ಸೀಮೆಂಟು! ಒಳಗಿನ ಮೆಣಸಿನಕಾಯಿ ಹಸಿದೇ ಇರ್ತದೆ. ನಿಮ್ಮಮ್ಮನಿಗೂ ಅದು ಗೊತ್ತು. ಗಿರಾಕಿ ಕಚ್ಚಿ ಮುಖ ಹಿಂಡಿದ ತಕ್ಷಣ ಅವಳ ಎಡಗಣ್ಣು ಇಷ್ಟು ಸಣ್ಣ ಆಗ್ತದೆ. ಎಡಗಣ್ಣು ಮಾತ್ರ. ಬಲಗಡೆ ನಗ್ತಾ ಇರ್ತಾಳೆ, ಕಳ್ಳಿ! ನನಗೆ ಹೆಚ್ಚಾಗಿ ಕಾಣ್ತಿದ್ದುದು ಎಡಗಡೆ ತಾನೆ, ನಾನು ಕುಂತಿದ್ದೇ ಆ ಕಡೆ."

ಕೊಡತಿಯ ಕೆಳಗೆ ತಗಡು ಉಸಿರು ಬಿಟ್ಟಿತು. ನಾನು ತಟ್ಟಲು ಶುರು ಮಾಡಿದೆ.

"ಆ ಕೆನ್ನೆ ಮೂಳೆ, ಬಲಗಡೆದಕ್ಕಿಂತ ಒಂದು ಕಡ್ಲೆಕಾಳಿನಷ್ಟು ಮೇಲೈತೆ. ತುಂಬು ಕೆನ್ನೆ ಅಲ್ಲವೇ ಅಲ್ಲ. ಮೂಳೆ ಕೆಳಗೆ ಗುಳಿ. ಬೆಳಗ್ಗೆ ಹೊತ್ತು ಬಿಸಿಲು ಬಿದ್ರೆ ಅಲ್ಲೊಂದು ನೆರಳು ನಿಲ್ತದೆ, ಆ ನೆರಳು ಹೋದ್ರೆ ಹತ್ತೂಮುಕ್ಕಾಲಿನ ರೈಲು ಬರೋ ಹೊತ್ತಾಯ್ತು ಅಂತ ನಾನು ಎಣ್ಣೆ ಇಡ್ತಿದ್ದೆ. ಹುಬ್ಬಿನ ತುದೀಲಿ ಇನ್ನೊಂದು ತಗ್ಗು ಐತೆ, ಹೆಬ್ಬೆರಳಿನ ಉಗುರಿನಷ್ಟು. ಚಿಕ್ಕೋಳಿದ್ದಾಗ ಒರಳಿಗೆ ಬಿದ್ದಿದ್ದಂತೆ. ಅವಳೇ ಹೇಳಿದ್ಲು, ಬೈಯೋ ಭರದಲ್ಲಿ. ಒರಳಿಗೆ ಬಿದ್ದೇ ಸಾಯದೋಳು ನಾನು, ನಿನ್ನ ಬಾಯಿಗೆ ಸಾಯ್ತೀನಾ ಅಂತ."

ಓಬಳೇಶ ತಟ್ಟನೆ ತಲೆ ಎತ್ತಿದ. "ಒರಳಿಗೆ ತಳ್ಳಿದ್ದು ನಾನೇ," ಅಂದ. "ನನಗೆ ಆರು ವರ್ಷ. ಯಾರಿಗೂ ಹೇಳಬೇಡ ಅಂದಿದ್ದೆ. ಅವಳು ಹೇಳಲಿಲ್ಲ." ಆಮೇಲೆ ಗೋಡೆ ಕಡೆ ಸರಿದು ಮಾರಕ್ಕನಿಗೆ ಕಾಲು ಚಾಚಿಕೊಳ್ಳಲು ಜಾಗ ಬಿಟ್ಟ.

ಮಾರಕ್ಕ ಇದ್ಯಾವುದನ್ನೂ ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಕೈ ಬೀಸಿ, ತೊಡೆ ತಟ್ಟಿ, ಬುರುಡೆಯನ್ನೇ ಬೈಯುತ್ತಿದ್ದಳು. ಚಟ್ನಿಗೆ ನೀರು ಬೆರೆಸಿದ್ದು, ಗಿರಾಕಿಗೆ ಕಣ್ಸನ್ನೆ ಮಾಡಿ ಕರೆದದ್ದು, ಸುಳ್ಳು ಹೇಳುವ ಮುಂಚೆ ಎಡಹುಬ್ಬು ತಾನಾಗಿ ಏಳುವುದು. ಒಂದೊಂದು ಮಾತಿಗೂ ತಗಡು ಒಂದೊಂದು ನೂಲಿನೆಳೆಯಷ್ಟು ಇಳಿಯಿತು, ಏರಿತು. "ನನ್ನ ಗಂಡ ಸತ್ತಾಗ ಹದಿಮೂರು ದಿನ ಗಾಡಿ ಹಾಕಲಿಲ್ಲ. ಇವಳು ನೋಡಾಕೂ ಬರಲಿಲ್ಲ, ಕಲ್ಲುಮನಸ್ಸಿನೋಳು. ಆಮೇಲೆ ಗೇಟ್‌ಮ್ಯಾನ್ ಹೇಳಿದ. ಹದಿಮೂರು ದಿನವೂ ಗೇಟು ಬಿದ್ದಾಗೆಲ್ಲ ನನ್ನ ಖಾಲಿ ಜಾಗ ನೋಡಿ ಒಂದು ಸುತ್ತು ಬೈದೇ ಒಲೆ ಹಚ್ತಿದ್ಲಂತೆ. ಯಾಕಮ್ಮ ಅಂದ್ರೆ, ಅವಳು ಬಂದಾಗ ಅಭ್ಯಾಸ ತಪ್ಪಿರಬಾರದು ಅಂದ್ಲಂತೆ. ಬರೋ ಸಂಕಟಕ್ಕೆ ನಗಬೇಕೋ ಅಳಬೇಕೋ ಹೇಳು ರಂಗಣ್ಣ!"

ನಾನು ತಟ್ಟುತ್ತಲೇ ಇದ್ದೆ. ಅಡಿಕೆ ಹೋಳು ಹಲ್ಲಿನ ನಡುವೆ ಪುಡಿಯಾಗಿತ್ತು.

ಮಧ್ಯಾಹ್ನ ಎರಡಕ್ಕೆ ಕೊಡತಿ ಕೆಳಗಿಟ್ಟೆ. ತಗಡು ನೋಡಲು ಚೆಂದವಿರಲಿಲ್ಲ, ನಿಜ ಹೇಳುತ್ತೇನೆ. ಒಂದು ಕಡೆ ಏರು, ಒಂದು ಕಡೆ ಗುಳಿ, ಹುಬ್ಬಿನಲ್ಲಿ ನಗ್ಗು. ಲಾರಿಯ ಬಾಗಿಲಾಗಿದ್ದರೆ ಮಾಲೀಕ ಮುಖಕ್ಕೆ ಎಸೆಯುತ್ತಿದ್ದ. ಅಂಚು ಅರ ಹಾಕಿ, ಸ್ಕ್ರೂಗೆ ತೂತು ಕೊರೆದು, ಬಟ್ಟೆಯಲ್ಲಿ ಸುತ್ತಿ ಡಾಕ್ಟ್ರಮ್ಮನಿಗೆ ಕೊಟ್ಟೆ. ಅವರು ಬುರುಡೆಗೆ ಕೂರಿಸಿದರು, ಕಿಟಕಿಯ ಕಡೆ ತಿರುಗಿಸಿದರು, ಹುಬ್ಬಿನ ನಗ್ಗಿನ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ, "ಬಂದ್ಲು ನೋಡು," ಅಂದರು.

ಶುಕ್ರವಾರ ಆಪರೇಷನ್ ಐದು ಗಂಟೆ ಹಿಡಿಯಿತು. ಮೈಯೊಳಗೆ ಹೋದ ತಗಡಿನ ಕಿವಿ ಮೂರು ದಿನ ತೆರೆದೇ ಇರುತ್ತದೆ, ಆಮೇಲೆ ಅದು ಮೂಳೆಯ ಪಾಲು, ಯಾರ ಮಾತಿಗೂ ಜಗ್ಗುವುದಿಲ್ಲ. ಹಾಗಾಗಿ ಆ ಮೂರು ದಿನ ವಾರ್ಡಿಗೆ ಬಂದ ನೆಂಟರೆಲ್ಲ ಬಿಸಿಲು ಜಾಸ್ತಿ, ಸೊಳ್ಳೆ ಜಾಸ್ತಿ ಅಂತ ಹವಾಮಾನದ ಸುದ್ದಿಯಷ್ಟೇ ಮಾತಾಡಿದರು. ಹನ್ನೆರಡನೇ ದಿನ ಬ್ಯಾಂಡೇಜು ಬಿಚ್ಚುವಾಗ ಡಾಕ್ಟ್ರಮ್ಮ ನನ್ನನ್ನೂ ಕರೆದರು. ಊತ ಪೂರ್ತಿ ಇಳಿದಿರಲಿಲ್ಲ, ಹೊಲಿಗೆ ಕೆಂಪಗಿತ್ತು. ಆದರೆ ಎರಡು ಕಣ್ಣೂ ಒಂದೇ ಮಟ್ಟದಲ್ಲಿ ನನ್ನನ್ನು ನೋಡುತ್ತಿದ್ದವು. ಭಾಗ್ಯ ಕನ್ನಡಿ ತಂದಳು. ಹೊನ್ನೂರಮ್ಮ ಕನ್ನಡಿ ದೂಡಿ, ಬೆರಳಿನಿಂದ ಕೆನ್ನೆ ಮುಟ್ಟಿಕೊಂಡಳು. ಮೂಳೆಯ ಏರು. ಅದರ ಕೆಳಗಿನ ಗುಳಿ. ಬೆರಳು ನಿಧಾನವಾಗಿ ಹುಬ್ಬಿನ ತುದಿಗೆ ಹೋಗಿ ಅಲ್ಲೇ ನಿಂತಿತು.

"ಯಾರು ಮಾತಾಡಿದ್ದು?" ಅಂದಳು.

"ನಿಮ್ಮೋರು," ಅಂದೆ.

"ಸುಳ್ಳು ಹೇಳಬೇಡ ರಂಗಣ್ಣ. ನಮ್ಮೋರಿಗೆ ನನ್ನ ಮುಖ ಎಲ್ಲಿ ಗೊತ್ತು? ಆ ಬಜಾರಿ ಬಂದಿದ್ಲಾ?"

"ಬಂದಿದ್ಲು."

"ಏನಂದ್ಲು?"

"ಅದನ್ನ ಹೇಳಂಗಿಲ್ಲ ಕಣಮ್ಮ."

"ಬೈದಿರ್ತಾಳೆ," ಅಂದು ಅವಳು ದಿಂಬಿಗೆ ಒರಗಿದಳು. "ಚೆನ್ನಾಗೇ ಬೈದಿರ್ತಾಳೆ." ಸೆರಗು ತಲೆಯ ಮೇಲಿತ್ತು, ಮುಖದ ಮೇಲಿರಲಿಲ್ಲ.

ಎರಡು ತಿಂಗಳಾದ ಮೇಲೆ ಅವಳು ಗಾಡಿ ಹಾಕಿದ ದಿನ ನಾನು ಅಂಗಡಿ ಮುಚ್ಚಿ ಹೋಗಿದ್ದೆ. ಸುಮ್ಮನೆ ಹೋದೆ ಅಂದರೆ ನೀವು ನಂಬುವುದಿಲ್ಲ, ನಂಬಬೇಡಿ. ನನ್ನ ಮೂವತ್ತೆಂಟನೇ ತಗಡು ಹಗಲು ಬೆಳಕಿನಲ್ಲಿ ಕೆಲಸ ಮಾಡುವುದನ್ನು ನೋಡಲು ಹೋಗಿದ್ದೆ. ಡಾಕ್ಟ್ರಮ್ಮನೂ ಬಂದು ಕಾರಿನಲ್ಲೇ ಕೂತು ನೋಡುತ್ತಿದ್ದರು, ನನ್ನನ್ನು ಕಂಡು ಪೇಪರಿನಲ್ಲಿ ಮುಖ ಮುಚ್ಚಿಕೊಂಡರು. ಗೇಟು ಬಿತ್ತು. ಎರಡೂ ಕಡೆ ಲಾರಿ, ಬಸ್ಸು, ಟ್ರಾಕ್ಟರು ಸಾಲಾಗಿ ನಿಂತವು. ಹೊನ್ನೂರಮ್ಮ ಬಾಣಲೆಗೆ ಎಣ್ಣೆ ಸುರಿದಳು. ರಸ್ತೆಯಾಚೆ ಮಾರಕ್ಕ ಹಿಟ್ಟು ಕಲಸುತ್ತಾ, ನೋಡಿಯೂ ನೋಡದ ಹಾಗೆ ಒಂದು ನಿಮಿಷ ತಡೆದಳು. ಜನವೂ ತಡೆಯಿತು.

"ಏನೇ ಹೊನ್ನೂರಿ, ಎರಡು ತಿಂಗಳು ಮಲಗಿ ಎದ್ಯಲ್ಲ, ಎಣ್ಣೆ ಅದೇ ಹಳೇದೋ ಬದಲಾಯಿಸಿದ್ಯೋ?"

"ನನ್ನ ಎಣ್ಣೆ ವಿಚಾರ ಬಿಡು ಮಾರಿ, ನಿನ್ನ ಮಿರ್ಚಿ ತಿಂದೋರನ್ನ ಪಕ್ಕದ ಹಾಸಿಗೇಲೇ ನೋಡಿ ಬಂದೀನಿ!"

"ನನ್ನ ಮಿರ್ಚಿ ತಿಂದೋರು ಆಸ್ಪತ್ರೆಗೆ ಹೋದ್ರೆ ನಡ್ಕೊಂಡು ಬರ್ತಾರೆ ಕಣೇ, ನಿನ್ನದು ತಿಂದೋರನ್ನ ಹೊತ್ಕೊಂಡು ಬರಬೇಕು!"

"ಹೊರೋರಾದ್ರೂ ಅವರೆ ನನಗೆ! ನಿನ್ನ ಗಾಡಿ ಹತ್ರ ನೊಣಾನೂ ಯೋಚನೆ ಮಾಡಿ ಕೂರ್ತದೆ!"

ರೈಲು ಬಂತು, ಹೋಯಿತು. ಕೋಲು ಮೇಲಕ್ಕೆದ್ದಿತು. ಒಂದು ಗಾಡಿಯೂ ಸ್ಟಾರ್ಟ್ ಆಗಲಿಲ್ಲ. ಡ್ರೈವರುಗಳು ಬಾಗಿಲಿಗೆ ಮೊಣಕೈ ಊರಿಕೊಂಡು, ಬಸ್ಸಿನವರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿಕೊಂಡು ಹಾಗೇ ನಿಂತಿದ್ದರು. ಗೇಟ್‌ಮ್ಯಾನ್ ಸ್ವಲ್ಪ ಹೊತ್ತು ಕಾದು ನೋಡಿದ. ಆಮೇಲೆ ಗೂಡಿನಿಂದ ರೈಲಿಗೆ ತೋರಿಸುವ ಹಸಿರು ಬಾವುಟ ತಂದು, ರಸ್ತೆಯ ನಡುವೆ ನಿಂತು, ಲಾರಿಗಳಿಗೆ ಬೀಸತೊಡಗಿದ.